ಮೂರು ಬಾಲದ ಲೆಕ್ಕ

ಕ್ವಾಲಾಲಂಪುರದಲ್ಲಿ ಮಗಳ ಮನೆಗೆ ಹೋಗಿದ್ದಾಗಿನ ಮಾತು. ಪಕ್ಕದ ಮನೆಯ ಮಲಯ್ ಹುಡುಗಿ ಒಂದು ಸಂಜೆ ನೋಟ್‌ಬುಕ್ ಹಿಡಿದು ಅಳುಮುಖದಲ್ಲಿ ಬಂದಳು. ‘ತ್ರೀ ಕ್ಯಾಟ್’ ಎಂದು ಬರೆದಿದ್ದಕ್ಕೆ ಕೆಂಪು ಗೀಟು ಬಿದ್ದಿತ್ತು.

“ಆತೊಕ್, ಮೂರು ಅಂತ ಹೇಳಿದೆನಲ್ಲ! ಮತ್ತೆ ಎಸ್ ಯಾಕೆ?”

ಆತೊಕ್ ಎಂದರೆ ಅಜ್ಜ.

ಮಕ್ಕಳೇ, ಅವಳ ಭಾಷೆಯಲ್ಲಿ ಬೆಕ್ಕು ‘ಕುಚಿಂಗ್’. ಮೂರು ಬೆಕ್ಕಿಗೆ ‘ತಿಗ ಎಕೊರ್ ಕುಚಿಂಗ್’. ಎಕೊರ್ ಎಂದರೆ ಬಾಲ! ಪ್ರಾಣಿಗಳನ್ನು ಎಣಿಸುವುದೇ ಹಾಗೆ; ಬಾಲವಿಲ್ಲದ ಕಪ್ಪೆಗೂ ಅದೇ ಲೆಕ್ಕ. ಸಂಖ್ಯೆ ಹೇಳದೆ ‘ಬೆಕ್ಕುಗಳು’ ಎನ್ನಬೇಕಾದರೆ ‘ಕುಚಿಂಗ್-ಕುಚಿಂಗ್’ ಎಂದು ಎರಡು ಸಲ ಹೇಳಬಹುದು. ಹಾಗೆಂದು ಎರಡು ಸಲ ಹೇಳಿದ್ದೆಲ್ಲ ಬಹುವಚನವಲ್ಲ. ‘ರಾಮ-ರಾಮ’ ಎಂದರೆ ಒಂದೇ ಒಂದು ಚಿಟ್ಟೆ. ನಾನೋ, ಹುಡುಗಿ ದೇವರನ್ನು ನೆನೆಯುತ್ತಿದ್ದಾಳೆ ಎಂದುಕೊಂಡಿದ್ದೆ!

ನಾವೂ ಮಾತಿನಲ್ಲಿ ‘ಮೂರು ಬೆಕ್ಕು’ ಎಂದೇ ಹೇಳುವುದಲ್ಲವೆ? ‘ಫೈವ್ ಮ್ಯಾಂಗೊ’ ಎಂದು ಬರೆದು ನಾನೂ ಬೆತ್ತದೇಟು ತಿಂದವನೇ. ಅದನ್ನು ಹೇಳಿದಾಗ ಅವಳ ಮುಖ ಅರಳಿತು. ಇಬ್ಬರೂ ಕೂತು ಕ್ಯಾಟ್ಸ್, ಡಾಗ್ಸ್ ಎಂದು ಹಾವಿನಂತೆ ಬುಸುಗುಟ್ಟುತ್ತ ಎಣಿಸಿದೆವು. ಧೈರ್ಯ ಬಂದು ‘ಟೂ ಶೀಪ್ಸ್’ ಎಂದು ಬರೆದಳು.

“ಕುರಿಗೆ ಎಸ್ ಬೇಡ ಪುಟ್ಟಿ,” ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು.