ಮೇಕ್‌ಫೈಲಿನ ಚೀಟಿ, ಯಜಮಾನನ ಮಾತು

ನಮ್ಮಂಥ ವರದಿಗಾರರ ಹಳೆಯ ಸುದ್ದಿಗಳೆಲ್ಲ ನುಡಿಯಲ್ಲಿವೆ. ಕೊಳೆರೋಗ, ಬೇಡ್ತಿ ಯೋಜನೆ, ಮಾರಿಜಾತ್ರೆ ಎಲ್ಲವೂ. ಇವತ್ತು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡಿಗೆ ತರದಿದ್ದರೆ ಇನ್ನು ಹತ್ತು ವರ್ಷಕ್ಕೆ ಅವನ್ನು ಓದುವವರೇ ಇರುವುದಿಲ್ಲ.

ಸಿದ್ದಾಪುರದ ಭಾವ ಇದಕ್ಕೆಂದೇ ಸಿ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟ. ಶಿರಸಿಯ ನನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಆಯಿತು, ಓಡಿತು. ಅದನ್ನೇ ಪೆನ್‌ಡ್ರೈವಿನಲ್ಲಿ ಯಲ್ಲಾಪುರದ ಮಿತ್ರರ ಹಳೇ ಲ್ಯಾಪ್‌ಟಾಪಿಗೆ ಒಯ್ದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತಿತು. ಅದರಲ್ಲಿ ಕಂಪೈಲರ್ ಹಾಕಲು ಜಾಗವೂ ಇಲ್ಲ.

ಭಾವನಿಗೆ ಫೋನ್ ಮಾಡಿದೆ. “ಎಂತದೂ ಆಜಿಲ್ಲೆ ಭಾವ,” ಅಂದ. ಮೇಕ್‌ಫೈಲಿನ ಸಿಫ್ಲ್ಯಾಗ್ಸ್ ಸಾಲಿನಲ್ಲಿ ‘ಮಾರ್ಚ್ ನೇಟಿವ್’ ಎಂದಿತ್ತು. ಬಿಲ್ಡ್ ಮಾಡುವ ಕಂಪ್ಯೂಟರಿನ ಪ್ರೊಸೆಸರಿಗೆ ಏನೇನು ಬರುತ್ತದೋ ಎಲ್ಲ ಬಳಸು ಎಂದರ್ಥ. ಹಳೇ ಪ್ರೊಸೆಸರಿಗೆ ಆ ಹೊಸ ಆಜ್ಞೆಗಳು ತಿಳಿಯವು.

ಮೇಕ್‌ಫೈಲ್ ಅಂದರೆ ಅಡುಗೆ ಭಟ್ಟರಿಗೆ ಕೊಟ್ಟ ಚೀಟಿ. ಒಲೆ ಹಚ್ಚುವಾಗ ಯಜಮಾನ ಬಾಯಲ್ಲಿ ಹೇಳಿದರೆ ಚೀಟಿ ಲೆಕ್ಕಕ್ಕಿಲ್ಲ. ಮೇಕ್ ಆಜ್ಞೆಯ ಪಕ್ಕದಲ್ಲೇ ಸಿಫ್ಲ್ಯಾಗ್ಸ್ ಬರೆದುಕೊಟ್ಟರೂ ಹಾಗೇ, ಫೈಲಿನಲ್ಲಿದ್ದದ್ದು ಪೂರ್ತಿ ಹೋಗುತ್ತದೆ. ಫೈಲಿನಲ್ಲಿ ಮುಂದೆ ಎಲ್ಲಾದರೂ ‘ಪ್ಲಸ್ ಈಕ್ವಲ್’ ಹಾಕಿ ಸೇರಿಸಿದ್ದೂ ಸೇರುವುದಿಲ್ಲ. ಬರೆದವರು ಆ ಸಾಲಿನ ಮುಂದೆ ‘ಓವರ್‌ರೈಡ್’ ಎಂದು ಹಾಕಿದ್ದರೆ ಮಾತ್ರ ಉಳಿಯುತ್ತದೆ. ಅದೇ ಮೌಲ್ಯವನ್ನು ಮೊದಲೇ ಎಕ್ಸ್‌ಪೋರ್ಟ್ ಮಾಡಿಟ್ಟರೆ ಸಾಲದು. ಆಗ ‘ಮೈನಸ್ ಇ’ ಕೊಡದ ಹೊರತು ಚೀಟಿಯದೇ ಗೆಲುವು.

ತೊಡಕು ಇರುವುದು ಆ ‘ಪೂರ್ತಿ’ ಎಂಬಲ್ಲಿ. ಅಪ್ಪೆಹುಳಿಗೆ ಖಾರ ಕಡಿಮೆ ಮಾಡಿ ಎನ್ನಲು ಹೋಗಿ ಉಪ್ಪು, ಇಂಗೂ ಹೋದ ಹಾಗೆ. ನಮ್ಮಲ್ಲಿ ಹೆಡರ್ ಫೈಲುಗಳ ದಾರಿಯೂ ಸಿಫ್ಲ್ಯಾಗ್ಸ್‌ನಲ್ಲೇ ಇತ್ತು. ‘ಓ 2’ ಒಂದನ್ನೇ ಕೊಟ್ಟರೆ ಹೆಡರ್ ಸಿಗುತ್ತಿಲ್ಲ ಎನ್ನುತ್ತದೆ. ಎರಡನ್ನೂ ಕೊಡಬೇಕಾಯಿತು. ಗ್ನೂ ಯೋಜನೆಯವರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ: ಸಿಫ್ಲ್ಯಾಗ್ಸ್ ಬಳಕೆದಾರನ ಸ್ವತ್ತು, ಬಿಲ್ಡಿಗೆ ಬೇಕೇಬೇಕಾದ್ದನ್ನು ಅಲ್ಲಿಡಬೇಡಿ ಎಂದು. ಇದನ್ನು ಭಾವನಿಗೆ ಹೇಳಿದೆ. ಎರಡು ನಿಮಿಷ ವಾದ ಮಾಡಿ, ಹೆಡರ್ ದಾರಿಯನ್ನು ಬೇರೆ ವೇರಿಯೇಬಲ್ಲಿಗೆ ಹಾಕಿದ.

ಇನ್ನೊಂದು ಮಾತು. ಮೇಕ್ ನೋಡುವುದು ಫೈಲು ಬದಲಾದ ಹೊತ್ತನ್ನು, ಫ್ಲ್ಯಾಗನ್ನಲ್ಲ. ಹಾಗಾಗಿ ಫ್ಲ್ಯಾಗ್ ಬದಲಿಸಿದಾಗ ಮೊದಲು ‘ಮೇಕ್ ಕ್ಲೀನ್’ ಹೊಡೆಯಬೇಕು. ಇಲ್ಲದಿದ್ದರೆ ಹೊಸ ಪಾತ್ರೆಗೆ ಹಳೇ ಸಾರನ್ನೇ ಬಗ್ಗಿಸಿದಂತೆ.

ಮಳೆಗೆ ಕರೆಂಟು ಎರಡು ಸಲ ಹೋಯಿತು. ಮೂರನೇ ಸಲಕ್ಕೆ ಬಿಲ್ಡ್ ಮುಗಿಯಿತು. ಯಲ್ಲಾಪುರದ ಮಿತ್ರರು ಮಾರನೇ ದಿನ ತಮ್ಮ ಹಳೇ ಕೊಳೆರೋಗದ ವರದಿಯನ್ನು ವಾಟ್ಸಾಪಿನಲ್ಲಿ ಕಳಿಸಿದರು. ಅಕ್ಷರ ಸರಿಯಿತ್ತು, ಒಂದೆರಡು ಅರ್ಕಾವತ್ತು ಮಾತ್ರ ಜಾಗ ತಪ್ಪಿತ್ತು. ಅದನ್ನು ಭಾವ ನೋಡುತ್ತಿದ್ದಾನೆ.