ಪದ ಒಡೆಯುವ ಮೂರು ಬಗೆ

ದೇಶದಲ್ಲಿ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲೆಂದು 1958ರಲ್ಲಿ ಹೈದರಾಬಾದಿನಲ್ಲಿ ಒಂದು ಕೇಂದ್ರೀಯ ಸಂಸ್ಥೆ ಹುಟ್ಟಿತು. ಇಂದು ಅದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಈ ಊರಿನಲ್ಲಿ ನೆಲೆಸಿದ ಕನ್ನಡಿಗನಾದ ನನಗೆ, ಇಂಗ್ಲಿಷಿನ ಉದ್ದನೆಯ ಪದಗಳು ಒಡೆಯುವ ಬಗೆ ಬಹುಕಾಲದ ಕುತೂಹಲ.

ನಮ್ಮ ಛಂದಸ್ಸು ಅಕ್ಷರವನ್ನು ಕಾಲದಿಂದ ಅಳೆಯುತ್ತದೆ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಒತ್ತು ಪಡೆದು ಮೇಲೇಳುತ್ತದೆ. ಒತ್ತು ತಪ್ಪಿದ ಸ್ವರ ಹೆಚ್ಚಾಗಿ ಮಸುಕಾಗುತ್ತದೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ‘ಫೋಟೋಗ್ರಾಫರ್’ನಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಬೇರು ಒಂದೇ, ಪ್ರತ್ಯಯ ಬದಲಾದಂತೆ ಒತ್ತು ಸರಿಯುತ್ತದೆ.

ಅರ್ಥದ ಗೆರೆ ಇನ್ನೊಂದು. ‘ಹೆಲಿಕಾಪ್ಟರ್’ ಪದವನ್ನು ನಾಲಿಗೆ ಹೆಲಿ–ಕಾಪ್ಟರ್ ಎಂದು ಒಡೆಯುತ್ತದೆ. ಗ್ರೀಕ್ ಮೂಲದ ಪ್ರಕಾರ ಅದು ಹೆಲಿಕೊ–ಪ್ಟರ್: ಸುರುಳಿ ಮತ್ತು ರೆಕ್ಕೆ. ನಮಗಿದು ಹೊಸದಲ್ಲ. ‘ಊರಲ್ಲಿ’ ಎಂಬುದು ಉಚ್ಚಾರದಲ್ಲಿ ಊ–ರಲ್–ಲಿ, ವ್ಯಾಕರಣದಲ್ಲಿ ಊರು+ಅಲ್ಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಇಲ್ಲಿಗೆ ಕೆಲಸ ಅರಸಿ ಬಂದ ನಮ್ಮ ನೆಂಟರ ಹುಡುಗಿಯೊಬ್ಬಳು, ಸಂದರ್ಶನವೊಂದರಲ್ಲಿ ‘ಡೆವಲಪ್‌ಮೆಂಟ್’ ಪದದ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ನಗೆಗೀಡಾದಳು. ಒತ್ತು ಇರಬೇಕಾದದ್ದು ಎರಡನೆಯದಕ್ಕೆ. ಅವಳ ಶಾಲೆ ಸ್ಪೆಲಿಂಗ್ ಕಲಿಸಿತ್ತು. ಬರಹದಲ್ಲಿ ಕಾಣದ ಒತ್ತನ್ನು ಯಾರೂ ಕಲಿಸಿರಲಿಲ್ಲ. ಅಂದಿನಿಂದ ಅವಳು ನಾಲ್ಕು ಜನರೆದುರು ಇಂಗ್ಲಿಷ್ ಮಾತನಾಡಲು ಹಿಂಜರಿಯುತ್ತಾಳೆ. ಪದ್ಯಕ್ಕೆ ಪ್ರಸ್ತಾರ ಹಾಕಬಲ್ಲ, ಸಂಧಿ ಬಿಡಿಸಬಲ್ಲ ಮಕ್ಕಳಿಗೆ ಉಚ್ಚಾರ, ಒತ್ತು, ಅರ್ಥ ಎಂಬ ಮೂರು ಗೆರೆಗಳನ್ನು ಕನ್ನಡದಲ್ಲಿಯೇ ತೋರಿಸಿಕೊಡುವುದು ಕಷ್ಟವಲ್ಲ. ಹಾಗೆ ತೋರಿಸದೆ ನಗುವುದು ನ್ಯಾಯವೂ ಅಲ್ಲ.