ದವಡೆಯ ಗಡ್ಡೆಗೆ ಸರಿಯಾದ ಹೆಸರು

ಮನುಷ್ಯನ ದೇಹದಲ್ಲಿ ಹಲ್ಲನ್ನು ಬೆಳೆಸುವ ಎಲುಬೆಂದರೆ ದವಡೆಯೊಂದೇ. ಬೇರಾವ ಎಲುಬಿನಲ್ಲೂ ಕಾಣದ ಕೆಲವು ಅಪರೂಪದ ಗಡ್ಡೆಗಳು ಇಲ್ಲಿ ಹುಟ್ಟುವುದಕ್ಕೂ ಇದೇ ಕಾರಣ. ಹಲ್ಲು ರೂಪುಗೊಂಡ ಮೇಲೆ ಅದನ್ನು ಕಟ್ಟಿದ ಜೀವಕೋಶಗಳು ಬಹುಪಾಲು ಅಳಿದರೂ ಕೆಲವು ಎಲುಬಿನಲ್ಲೂ ವಸಡಿನಲ್ಲೂ ಉಳಿದುಕೊಂಡು, ಎಷ್ಟೋ ವರ್ಷಗಳ ನಂತರ ಮತ್ತೆ ಬೆಳೆಯತೊಡಗುತ್ತವೆ. ಆ ಬೆಳವಣಿಗೆ ಯಾವುದೆಂದು ಗುರುತಿಸುವ ವಿದ್ಯೆಯಲ್ಲಿ ತೊಡಗಿದವರಿಗೆ ಅದರಷ್ಟು ಸ್ವಾರಸ್ಯಕರವಾದ ಕೆಲಸ ಇನ್ನೊಂದಿಲ್ಲ.

ಇಂಥ ಗಡ್ಡೆಗಳು ಬಹಳ ಕಾಲ ನೋಯುವುದಿಲ್ಲವಾದ್ದರಿಂದ, ಬೇರಾವುದೋ ಹಲ್ಲಿಗಾಗಿ ಒಪಿಜಿ, ಅಂದರೆ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ, ತೆಗೆಸಿದಾಗಲೇ ಅನೇಕ ಸಲ ಅವು ಬೆಳಕಿಗೆ ಬರುತ್ತವೆ. ಹೊರಬರದೆ ಉಳಿದ ಬುದ್ಧಿಹಲ್ಲಿನ ಸುತ್ತ ಕಾಣುವ ಕಪ್ಪು ಪ್ರದೇಶವು ಹಲ್ಲಿನ ಚೀಲದಲ್ಲಿ ದ್ರವ ತುಂಬಿಕೊಂಡ ಸಾಧಾರಣ ಸಿಸ್ಟ್ ಆಗಿರಬಹುದು, ಕೆರಟೋಸಿಸ್ಟ್ ಎಂಬ ಇನ್ನೊಂದು ಬಗೆಯ ಸಿಸ್ಟ್ ಆಗಿರಬಹುದು, ಅಮೆಲೋಬ್ಲಾಸ್ಟೋಮ ಎಂಬ ಗಡ್ಡೆಯೂ ಆಗಿರಬಹುದು. ಕೆರಟೋಸಿಸ್ಟ್ ಮುಖವನ್ನು ಹೆಚ್ಚು ಉಬ್ಬಿಸದೆ ದವಡೆಯ ಉದ್ದಕ್ಕೂ ಹರಡುತ್ತದೆ. ಅಮೆಲೋಬ್ಲಾಸ್ಟೋಮವಾದರೋ ಎಲುಬನ್ನು ಹೊರಕ್ಕೆ ಉಬ್ಬಿಸಿ ಪಕ್ಕದ ಹಲ್ಲುಗಳ ಬೇರನ್ನು ಸವೆಸುತ್ತದೆ. ಇವು ಸುಳಿವುಗಳೇ ಹೊರತು ನಿರ್ಣಯವಲ್ಲ.

ನಿರ್ಣಯ ಆಗುವುದು ಬಯಾಪ್ಸಿಯ ತುಣುಕನ್ನು ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ. ಕೋಶಕೇಂದ್ರಗಳು ನೇರಳೆಯಾಗಿಯೂ ಉಳಿದ ಭಾಗ ಗುಲಾಬಿಯಾಗಿಯೂ ಕಾಣುವ ಆ ಸ್ಲೈಡಿನಲ್ಲಿ ಕೆರಟೋಸಿಸ್ಟಿನ ಒಳಪೊರೆ ಆರರಿಂದ ಹತ್ತು ಕೋಶಗಳಷ್ಟೇ ದಪ್ಪವಿದ್ದು, ಅದರ ಮೇಲ್ಮೈ ಅಲೆಅಲೆಯಾಗಿರುತ್ತದೆ. ಅಮೆಲೋಬ್ಲಾಸ್ಟೋಮದ ಅಂಚಿನ ಕೋಶಗಳಲ್ಲಿ ಕೋಶಕೇಂದ್ರವು ಬುಡದ ಪೊರೆಯನ್ನು ಬಿಟ್ಟು ಎದುರು ತುದಿಗೆ ಸರಿದಿರುತ್ತದೆ. ಅಮೆಲೋಬ್ಲಾಸ್ಟೋಮದ ಈ ಲಕ್ಷಣವನ್ನು 1970ರಲ್ಲಿ ರೋಗಶಾಸ್ತ್ರಜ್ಞರಾದ ವಿಕರ್ಸ್ ಮತ್ತು ಗಾರ್ಲಿನ್ ವಿವರಿಸಿದರು. ಹಲ್ಲಿನ ಎನಾಮಲ್ ಕಟ್ಟುವ ಅಮೆಲೋಬ್ಲಾಸ್ಟ್ ಕೋಶಗಳೂ ತಮ್ಮ ಕೆಲಸಕ್ಕೆ ಮುನ್ನ ಹೀಗೆಯೇ ಕೋಶಕೇಂದ್ರವನ್ನು ಸರಿಸಿಕೊಂಡು ಸಜ್ಜಾಗುತ್ತವೆ. ಗಡ್ಡೆಯ ಕೋಶ ಆ ಸಿದ್ಧತೆಯನ್ನೆಲ್ಲ ಮಾಡಿಕೊಂಡೂ ಎನಾಮಲನ್ನು ಮಾತ್ರ ಕಟ್ಟುವುದಿಲ್ಲ. ಭ್ರೂಣದಲ್ಲಿ ಹಲ್ಲು ಮೂಡುವ ಬಗೆಯನ್ನು ಬಲ್ಲವರಿಗೆ ಈ ನೋಟ ಪ್ರತಿಸಲವೂ ವಿಸ್ಮಯ ತರುತ್ತದೆ. ಆದರೆ ಉರಿಯೂತವಿದ್ದ ಜಾಗದಲ್ಲಿ ಕೆರಟೋಸಿಸ್ಟಿನ ಪೊರೆ ತನ್ನ ಗುರುತುಗಳನ್ನೆಲ್ಲ ಕಳೆದುಕೊಳ್ಳುವುದರಿಂದ, ಒಂದೇ ಚಿಕ್ಕ ತುಣುಕನ್ನು ನಂಬದೆ ಎಕ್ಸ್‌ರೇ ಮತ್ತು ಸ್ಲೈಡುಗಳನ್ನು ಜೊತೆಯಾಗಿಟ್ಟು ನೋಡುವುದು ಅನುಭವಿಗಳ ಪದ್ಧತಿ.

ಈ ನಿಧಾನ ಅಗತ್ಯ, ಏಕೆಂದರೆ ಚಿಕಿತ್ಸೆಯ ಪ್ರಮಾಣ ನಿಂತಿರುವುದು ಹೆಸರಿನ ಮೇಲೆ. ಸಾಧಾರಣ ಸಿಸ್ಟಿಗೆ ಹಲ್ಲಿನೊಡನೆ ಚೀಲವನ್ನು ತೆಗೆದರೆ ಸಾಕು. ಕೆರಟೋಸಿಸ್ಟಿನ ತೆಳುಪೊರೆ ಸುಲಭವಾಗಿ ಹರಿದು, ಉಳಿದ ಚೂರಿನಿಂದ ಮತ್ತೆ ಬೆಳೆಯುವುದರಿಂದ, ಅದನ್ನು ಬಿಡಿಸಿದ ಬಳಿಕ ಸುತ್ತಲಿನ ಎಲುಬನ್ನೂ ತುಸು ಕೆರೆಯಬೇಕಾಗುತ್ತದೆ. ದೊಡ್ಡದಾಗಿದ್ದರೆ ಮೊದಲು ಬಾಯಿಯೊಳಕ್ಕೆ ಕಿಂಡಿ ತೆರೆದು, ಕುಗ್ಗಿದ ಮೇಲೆ ತೆಗೆಯುವುದುಂಟು. ಸಾಮಾನ್ಯ ಬಗೆಯ ಅಮೆಲೋಬ್ಲಾಸ್ಟೋಮವು ಎಕ್ಸ್‌ರೇಯಲ್ಲಿ ಕಾಣುವ ಅಂಚನ್ನು ದಾಟಿ ಎಲುಬಿನೊಳಗೆ ನುಸುಳಿರುವುದರಿಂದ, ಅಂಚಿನಾಚೆ ಒಂದೆರಡು ಸೆಂಟಿಮೀಟರಿನಷ್ಟು ಎಲುಬನ್ನೂ ಸೇರಿಸಿ ಕತ್ತರಿಸಿ, ಅಗತ್ಯವಿದ್ದಲ್ಲಿ ಕಾಲಿನ ಫಿಬುಲಾ ಎಲುಬಿನಿಂದ ದವಡೆಯನ್ನು ಮತ್ತೆ ಕಟ್ಟುತ್ತಾರೆ. ಹೆಸರು ಒಂದು ಕಡೆ ತಪ್ಪಿದರೆ ಉಳಿಯಬಹುದಾಗಿದ್ದ ದವಡೆ ಹೋಗುತ್ತದೆ, ಇನ್ನೊಂದು ಕಡೆ ತಪ್ಪಿದರೆ ಗಡ್ಡೆ ಮರಳುತ್ತದೆ. ಅಪರೂಪದ್ದನ್ನು ಗುರುತಿಸಿದ ಸಂತೋಷವೂ, ರೋಗಿಯು ಮೊದಲಿನಂತೆಯೇ ಅಗಿದು, ಮಾತಾಡಿ, ನಗುವ ಹಿತವೂ ಒಂದೇ ಆಗಿರುವುದರಿಂದಲೇ ಈ ವಿದ್ಯೆಗೆ ಒಲಿದವರು ಅದನ್ನು ಬಿಡಲಾರರು.